ಅಕುವಾಬಾ ಗೊಂಬೆಯ ಕೆತ್ತನೆ: ಅಸಾಂಟೆ ಶೈಲಿಯನ್ನು ಗುರುತು ಹಿಡಿಯುವುದು ಹೇಗೆ

ಹಪ್ಪಳದ ಹಾಗೆ ದುಂಡಗೆ, ಚಪ್ಪಟೆಯಾದ ತಲೆ. ಅದರ ಕೆಳಗಿನ ಅರ್ಧದಲ್ಲಷ್ಟೇ ಕೂಡಿಕೊಂಡ ಪುಟ್ಟ ಮುಖ. ಬಳೆ ಪೇರಿಸಿಟ್ಟಂಥ ಕತ್ತು, ಕೊಳವೆಯಂಥ ಮೈ, ಎರಡು ಪಕ್ಕಕ್ಕೂ ನೆಟ್ಟಗೆ ಚಾಚಿದ ಮೋಟುಗೈ. ಘಾನಾ ದೇಶದ ಅಸಾಂಟೆ ಜನರಲ್ಲಿ ಮಕ್ಕಳಾಗಲೆಂದು ಹೆಂಗಸರು ಬೆನ್ನಿಗೆ ಕಟ್ಟಿಕೊಳ್ಳುವ ಅಕುವಾಬಾ ಗೊಂಬೆಯನ್ನು ಒಮ್ಮೆ ಕಂಡವರಿಗೆ ಮತ್ತೆ ಗುರುತು ಹಿಡಿಯುವುದು ಕಷ್ಟವಲ್ಲ. ಕಷ್ಟ ಶುರುವಾಗುವುದು ಅದಾದ ಮೇಲೆ. ಪ್ರವಾಸಿಗರಿಗೆ ಮಾರುವ ಕೀಲಿಗೊಂಚಲಿನಲ್ಲಿ ತೂಗುವುದೂ ಇದೇ ಆಕಾರ, ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ನಿಂತಿರುವುದೂ ಇದೇ ಆಕಾರ.

ಇದು ಅಸಾಂಟೆ ಶೈಲಿಯದೇ? ಇದು ಹಳೆಯದೇ? ಇದನ್ನು ಯಾವಳಾದರೂ ಹೆಂಗಸು ನಿಜವಾಗಿ ಬೆನ್ನಿಗೆ ಕಟ್ಟಿಕೊಂಡಿದ್ದಳೇ? ಈ ಮೂರು ಪ್ರಶ್ನೆಗಳನ್ನು ಒಂದೇ ಮಾಡಿಕೊಳ್ಳುವುದರಿಂದಲೇ ಹೆಚ್ಚಿನ ತಪ್ಪುಗಳು ಆಗುತ್ತವೆ. ಮೊದಲನೆಯದಕ್ಕೆ ಉತ್ತರ ಇರುವುದು ಆಕಾರದಲ್ಲಿ. ಎರಡನೆಯದಕ್ಕೆ ಮರವನ್ನೂ ಉಳಿಯ ಗುರುತನ್ನೂ ನೋಡಬೇಕು. ಮೂರನೆಯದನ್ನು ಹೇಳುವುದು ಸವೆತ. ನಿನ್ನೆ ಕೆತ್ತಿದ ಗೊಂಬೆ ಅಪ್ಪಟ ಅಸಾಂಟೆ ಶೈಲಿಯದಾಗಿರಬಹುದು. ನೂರು ವರ್ಷದ ಹಳೆಯ ಗೊಂಬೆ ಅಸಾಂಟೆಯದೇ ಅಲ್ಲದಿರಬಹುದು.

ಹೆಸರು, ಕೆಲಸ

ಅಸಾಂಟೆಯರೂ ಸೇರಿದ ಅಕಾನ್ ಜನರಲ್ಲಿ ಮಗು ಹುಟ್ಟಿದ ವಾರಕ್ಕೆ ತಕ್ಕ ಹೆಸರಿಡುವ ರೂಢಿಯಿದೆ. ಬುಧವಾರ ಹುಟ್ಟಿದ ಹೆಣ್ಣುಮಗು ಅಕುವಾ. ಬಾ ಎಂದರೆ ಮಗು. ಅಕುವಾ ಎಂಬವಳಿಗೆ ಮಕ್ಕಳಾಗಿರಲಿಲ್ಲ. ಪೂಜಾರಿಯ ಮಾತಿನಂತೆ ಮರದ ಪುಟ್ಟ ಮಗುವೊಂದನ್ನು ಕೆತ್ತಿಸಿ, ಬೆನ್ನಿಗೆ ಕಟ್ಟಿಕೊಂಡು, ಹೆತ್ತ ಮಗುವಿನಂತೆಯೇ ಸಾಕಿದಳು. ಊರವರು ‘ಅಕುವಾಳ ಮಗು ನೋಡಿ’ ಎಂದು ನಕ್ಕರು. ಕೊನೆಗೆ ಅವಳಿಗೆ ಹೆಣ್ಣುಮಗುವೇ ಹುಟ್ಟಿತು. ಗೊಂಬೆಗೆ ಆ ಹೆಸರು ಬಂದದ್ದು ಹೀಗೆ ಎಂದು ಐತಿಹ್ಯ. ಬಹುವಚನದಲ್ಲಿ ಅಕುವಾಮ್ಮಾ. ಘಾನಾದ ಬೀದಿಗಳ ಫಲಕಗಳಲ್ಲಿ ಕಾಣುವ ‘ಅಕ್ವಾಬಾ’ ಎಂಬ ಪದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ‘ಸ್ವಾಗತ’ ಎಂಬ ಮಾತು. ಇಂಟರ್ನೆಟ್ಟಿನ ಮಾರಾಟದ ಪುಟಗಳಲ್ಲಿ ಇವೆರಡೂ ಕಲಸಿಹೋಗಿವೆ.

ಗೊಂಬೆಯನ್ನು ತೊಳೆಯುತ್ತಾರೆ, ಮಣಿ ತೊಡಿಸುತ್ತಾರೆ, ಮಲಗಿಸುತ್ತಾರೆ, ಹೊರಗೆ ಹೊರಟರೆ ಬಟ್ಟೆಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಳ್ಳುತ್ತಾರೆ. ಗರ್ಭಿಣಿ ಅದರ ಚೆಲುವಾದ ಮುಖ ನೋಡುತ್ತಿದ್ದರೆ ಹುಟ್ಟುವ ಮಗುವೂ ಚೆಲುವಾಗಿರುತ್ತದೆಂಬ ನಂಬಿಕೆಯಿದೆ. ಮಗು ಹುಟ್ಟಿದ ಮೇಲೆ ಗೊಂಬೆ ಮತ್ತೆ ಪೂಜಾರಿಯ ಗುಡಿ ಸೇರಬಹುದು, ಅಥವಾ ಮನೆಯಲ್ಲೇ ಮಗುವಿನ ಆಟದ ಗೊಂಬೆಯಾಗಬಹುದು. ಗುಡಿಯಲ್ಲಿ ಸಾಲಾಗಿ ನಿಂತ ಗೊಂಬೆಗಳು ಅಲ್ಲಿಯ ದೇವರ ಶಕ್ತಿಗೆ ಸಾಕ್ಷಿ ಹೇಳುತ್ತವೆ. ಇದನ್ನೆಲ್ಲ ಇಲ್ಲಿ ಹೇಳುತ್ತಿರುವುದು ಕಥೆಗಾಗಿ ಅಲ್ಲ. ಆಕಾರದ ಪ್ರತಿಯೊಂದು ಅಂಶವೂ ಈ ಬಳಕೆಯಿಂದಲೇ ಹುಟ್ಟಿದೆ, ಸವೆತದ ಪ್ರತಿಯೊಂದು ಗುರುತನ್ನೂ ಇದರಿಂದಲೇ ಓದಬೇಕು.

ತಲೆಯಿಂದ ಶುರುಮಾಡಿ, ತಲೆಯಲ್ಲೇ ನಿಲ್ಲಬೇಡಿ

ಅಸಾಂಟೆ ಶೈಲಿಯ ಮೊದಲ ಗುರುತು ದುಂಡು ಬಿಲ್ಲೆಯಂಥ ತಲೆ. ಗೊಂಬೆಯ ಒಟ್ಟು ಎತ್ತರ ಸಾಮಾನ್ಯವಾಗಿ 25ರಿಂದ 35 ಸೆಂ.ಮೀ.; ಅದರಲ್ಲಿ ಮೂರನೆಯ ಒಂದು ಪಾಲಿನಿಂದ ಸುಮಾರು ಅರ್ಧದವರೆಗೆ ತಲೆಯೇ ಇರುತ್ತದೆ. ನೆಟ್ಟಗಿನ, ಎತ್ತರದ, ಅಗಲವಾದ ಹಣೆ ಅಕಾನ್ ಜನರಿಗೆ ಚೆಲುವಿನ ಲಕ್ಷಣ. ಎಳೆ ಮಗುವಿನ ತಲೆಯನ್ನು ಮೆಲ್ಲಗೆ ಒತ್ತಿ ತಿದ್ದುವ ಪದ್ಧತಿಯೂ ಅವರಲ್ಲಿತ್ತು. ಕೆತ್ತುವವನು ಆ ಹಣೆಯನ್ನೇ ಹಿಗ್ಗಿಸಿ ಇಡೀ ತಲೆ ಮಾಡಿದ್ದಾನೆ. ಚಪ್ಪಟೆ ತಲೆ ಬೆನ್ನಿಗೆ ಒತ್ತುವುದಿಲ್ಲ, ಬಟ್ಟೆಯೊಳಗೆ ಸಲೀಸಾಗಿ ಕೂರುತ್ತದೆ ಎಂಬ ಅನುಕೂಲವೂ ಇದೆ.

ಬಿಲ್ಲೆ ಕೈವಾರ ಹಿಡಿದು ಎಳೆದ ವೃತ್ತವೆಂದು ತಿಳಿಯಬಾರದು. ಬಳಕೆಯ ಗೊಂಬೆಗಳಲ್ಲಿ ಅದು ತುಸು ಮೊಟ್ಟೆಯಾಕಾರಕ್ಕೆ ವಾಲಿರುವುದು, ಒಂದು ಬದಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ದಪ್ಪಗಿರುವುದು, ಅಂಚು ಸವೆದು ತೆಳ್ಳಗಾಗಿರುವುದು ಸಹಜ. ಪಕ್ಕದಿಂದ ನೋಡಿದರೆ ಎಷ್ಟೋ ಗೊಂಬೆಗಳಲ್ಲಿ ತಲೆ ಕತ್ತಿನ ಮೇಲೆ ಸ್ವಲ್ಪ ಹಿಂದಕ್ಕೆ ಬಾಗಿರುತ್ತದೆ. ಈ ಪಕ್ಕನೋಟವನ್ನು ನೋಡದೆ ಶೈಲಿಯ ಬಗ್ಗೆ ಮಾತಾಡುವುದೇ ತಪ್ಪು. ಮುಂದಿನಿಂದ ಎಲ್ಲ ಅಕುವಾಬಾಗಳೂ ಅಕ್ಕತಂಗಿಯರಂತೆ ಕಾಣುತ್ತವೆ; ಪಕ್ಕದಿಂದ ನೋಡಿದಾಗ ಬಿಲ್ಲೆಯ ದಪ್ಪ, ಬಾಗು, ಮೂಗಿನ ಉಬ್ಬು, ಕತ್ತಿನ ಓಟ ಒಂದೊಂದೂ ಬೇರೆಯಾಗುತ್ತವೆ.

ಮುಖಕ್ಕೆ ಬರೋಣ. ಎರಡು ಹುಬ್ಬುಗಳೂ ಬಿಲ್ಲಿನಂತೆ ಬಾಗಿ ನಡುವೆ ಕೂಡುತ್ತವೆ, ಕೂಡಿದ ಕಡೆಯಿಂದಲೇ ಮೂಗು ಕಡ್ಡಿಯಂತೆ ಇಳಿಯುತ್ತದೆ. ಹುಬ್ಬು, ಮೂಗು ಎರಡೂ ಒಂದೇ ಏಣು. ಇದು ಅಸಾಂಟೆ ಕೆತ್ತನೆಯ ಎರಡನೆಯ ಗುರುತು; ನಮ್ಮ ಲೆಕ್ಕದಲ್ಲಿ ಬಿಲ್ಲೆ ತಲೆಗಿಂತ ಹೆಚ್ಚು ನಂಬಬಹುದಾದದ್ದು. ಹುಬ್ಬಿನ ಕೆಳಗೆ ಕಾಫಿ ಬೀಜವನ್ನು ಅಡ್ಡಲಾಗಿ ಅಂಟಿಸಿದಂತೆ, ನಡುವೆ ಗೀರಿರುವ ಕಣ್ಣು. ಬಾಯಿ ತೀರ ಚಿಕ್ಕದು, ಗಲ್ಲದ ಅಂಚಿಗೆ ಅಂಟಿಕೊಂಡಂತೆ ಇರುತ್ತದೆ. ಕೆಲವಕ್ಕೆ ಇರುವುದೇ ಇಲ್ಲ. ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ ಸಣ್ಣ ಗೀರುಗಳಿದ್ದರೆ ಅವು ಅಲಂಕಾರವಲ್ಲ. ಮಕ್ಕಳಿಗೆ ಬರುವ ಸೆಳವಿನಿಂದ ಕಾಪಾಡಲು ಹಾಕುತ್ತಿದ್ದ ಮದ್ದಿನ ಗಾಯಗಳ ಗುರುತು ಅವು.

ಇದಿಷ್ಟೂ ಬಿಲ್ಲೆಯ ಕೆಳಗಿನ ಅರ್ಧದಲ್ಲಿ, ಎಷ್ಟೋ ಸಲ ಕೆಳಗಿನ ಮೂರನೆಯ ಒಂದು ಪಾಲಿನಲ್ಲೇ ಮುಗಿಯುತ್ತದೆ. ಮೇಲಿನ ಭಾಗ ಖಾಲಿ, ನುಣುಪು. ಈ ಖಾಲಿತನವನ್ನು ಉಳಿಸಿಕೊಳ್ಳುವುದೇ ಕೆತ್ತುವವನ ಹತೋಟಿ. ಕಣ್ಣು ಬಿಲ್ಲೆಯ ಸರಿಮಧ್ಯಕ್ಕೆ ಏರಿ ಕೂತಿದ್ದರೆ, ತುಟಿ ದಪ್ಪಗೆ ಚಾಚಿದ್ದರೆ, ಹಣೆಯ ಮೇಲೆ ಚಿತ್ರ ತುಂಬಿದ್ದರೆ ಕೆತ್ತಿದವನು ‘ಆಫ್ರಿಕಾದ ಮುಖವಾಡ’ ಎಂಬ ಯಾವುದೋ ಸಾಮಾನ್ಯ ಕಲ್ಪನೆಯ ಬೆನ್ನು ಹತ್ತಿದ್ದಾನೆ, ಅಕುವಾಬಾದ ಲೆಕ್ಕವನ್ನಲ್ಲ.

ಬಿಲ್ಲೆಯನ್ನು ತಿರುಗಿಸಿ ನೋಡಿ. ಹಿಂಬದಿಯಲ್ಲಿ ಗೀರಿದ ಗೆರೆಚಿತ್ತಾರ ಇರುವುದು ಸಾಮಾನ್ಯ: ಚೌಕ, ಅಡ್ಡಗೆರೆ, ಕತ್ತರಿಗೆರೆ, ಹಲ್ಲಿನಂಥ ಅಂಚು. ಅಂಚಿನಲ್ಲಿ ಅಥವಾ ಕಿವಿಯ ಜಾಗದಲ್ಲಿ ಸಣ್ಣ ತೂತುಗಳಿರಬಹುದು. ಅವು ಮಣಿದಾರ, ಓಲೆ ಪೋಣಿಸಲು. ತೂತಿನ ಒಳಬಾಯಿ ದಾರ ಉಜ್ಜಿ ನುಣುಪಾಗಿದೆಯೋ ಇಲ್ಲ ಈಗಷ್ಟೇ ಬೈರಿಗೆ ಹೊಕ್ಕು ಬಂದಂತೆ ಒರಟಾಗಿದೆಯೋ ಎಂಬುದನ್ನು ಭೂತಗನ್ನಡಿಯಲ್ಲಿ ನೋಡುವುದು ಎರಡು ನಿಮಿಷದ ಕೆಲಸ.

ಕತ್ತಿನ ಉಂಗುರಗಳು ಒಡವೆಯಲ್ಲ, ಕೊಬ್ಬಿನ ಮಡಿಕೆ. ಮೈತುಂಬಿಕೊಂಡ, ಆರೋಗ್ಯವಂತ ಮಗುವಿನ ಕತ್ತಿನ ಮಡಿಕೆ ಅಲ್ಲಿ ಐಸಿರಿಯ ಗುರುತು. ಉಂಗುರಗಳ ಎಣಿಕೆ ಗೊಂಬೆಯಿಂದ ಗೊಂಬೆಗೆ ಬೇರೆಯಾಗುವುದರಿಂದ ‘ಇಷ್ಟೇ ಇರಬೇಕು’ ಎಂಬ ನಿಯಮ ಹುಡುಕಬೇಡಿ. ಅವನ್ನು ತೆಗೆದ ರೀತಿ ನೋಡಿ. ಒಳ್ಳೆಯ ಕೈಯಲ್ಲಿ ಪ್ರತಿ ಉಂಗುರದ ಮೇಲ್ಮೈ ಹೊರಕ್ಕೆ ಉಬ್ಬಿ, ನಡುವಿನ ಕಣಿವೆ ಚೂಪಾಗಿ ಇಳಿದಿರುತ್ತದೆ. ಅವಸರದ ಕೆಲಸದಲ್ಲಿ ದಪ್ಪ ಕಂಬದ ಸುತ್ತ ಗರಗಸದಿಂದ ಗೆರೆ ಕೊಯ್ದಂತೆ ಕಾಣುತ್ತದೆ. ಅದು ಮಡಿಕೆಯಾಗದೆ ತಿರುಪಿನ ಮೊಳೆಯಾಗುತ್ತದೆ.

ಮೈ ಉರುಳೆಯಂತೆ, ಸೊಂಟದ ಬಳಿ ಕೊಂಚ ಕಿರಿದಾಗಬಹುದು. ಪುಟ್ಟ ಮೊಲೆಗಳು, ಎದ್ದು ಕಾಣುವ ಹೊಕ್ಕುಳು. ಗೊಂಬೆ ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ. ಅಸಾಂಟೆಯರಲ್ಲಿ ವಂಶ ತಾಯಿಯ ಕಡೆಯಿಂದ ಸಾಗುತ್ತದೆ, ಮನೆತನ ಉಳಿಯಬೇಕಾದರೆ ಮಗಳು ಬೇಕು. (ಅಳಿಯಕಟ್ಟು ಕಂಡಿರುವ ಕರಾವಳಿಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಹೀಗಾಗಿ ‘ಗಂಡು ಹೆಣ್ಣು ಜೋಡಿ’ ಎಂದು ಒಂದೇ ಪೆಟ್ಟಿಗೆಯಲ್ಲಿ ಸಿಗುವ ಅಕುವಾಬಾಗಳನ್ನು ಕಂಡರೆ ಅವು ಮಾರುಕಟ್ಟೆಗೆಂದೇ ಹುಟ್ಟಿದವು ಎಂದು ಎಣಿಸಬಹುದು.

ಕೈಗಳು ಬೆರಳಿಲ್ಲದ ಮೊಟಕು ಗೂಟಗಳು, ಮೈಗೆ ಲಂಬವಾಗಿ ಚಾಚಿರುತ್ತವೆ. ತುದಿ ತೆಳ್ಳಗಾಗುತ್ತಾ ಹೋಗಬಹುದು. ಕಾಲಿಲ್ಲ. ಮೈ ಕೆಳಗೆ ಒಂದು ದುಂಡು ಪೀಠವಾಗಿ ಅಗಲಿ ನಿಲ್ಲುತ್ತದೆ. ಕೈಬೆರಳು, ಕಾಲು, ಮೊಣಕಾಲು ಎಲ್ಲ ಇರುವ ಪೂರ್ಣದೇಹದ ಅಕುವಾಬಾಗಳು ಮುಖ್ಯವಾಗಿ 20ನೇ ಶತಮಾನದ ಬೆಳೆ. ಅಂದಮಾತ್ರಕ್ಕೆ ಕಾಲಿದ್ದರೆ ನಕಲಿ ಎನ್ನಬಾರದು. ಕಾಲಿರುವ ಗೊಂಬೆಗಳನ್ನೂ ಹೆಂಗಸರು ಹೊತ್ತಿದ್ದಾರೆ, ಗುಡಿಗೆ ಒಪ್ಪಿಸಿದ್ದಾರೆ. ಬೆನ್ನ ಮೇಲೆ ಇನ್ನೊಂದು ಪುಟಾಣಿ ಅಕುವಾಬಾವನ್ನು ಕಟ್ಟಿಕೊಂಡ ಗೊಂಬೆಗಳೂ ಇವೆ.

ನೆರೆಹೊರೆಯವರು

ಅಸಾಂಟೆ ಎಂಬುದು ಅಕಾನ್ ಎಂಬ ದೊಡ್ಡ ಗುಂಪಿನ ಒಂದು ಭಾಗ. ಕರಾವಳಿಯ ಫಾಂಟೆ ಜನರೂ ವಾಯವ್ಯದ ಬೊನೊ ಜನರೂ ಅಕಾನರೇ. ಅವರಲ್ಲೂ ಇಂಥ ಗೊಂಬೆಗಳಿವೆ. ಫಾಂಟೆ ಗೊಂಬೆಯ ತಲೆ ದುಂಡಗಿಲ್ಲ. ನಿಂತ ಹಲಗೆಯಂತೆ ಉದ್ದನೆಯ ಆಯತ, ಎಷ್ಟೋ ಸಲ ಮೇಲಕ್ಕೆ ಹೋದಂತೆ ಅಗಲ. ಮೈ ಸಪೂರ, ಬಹಳಷ್ಟಕ್ಕೆ ಕೈಯೇ ಇರುವುದಿಲ್ಲ. ಬೊನೊ ಕಡೆಯವಕ್ಕೆ ತ್ರಿಕೋನ, ವಜ್ರಾಕಾರ ಅಥವಾ ಅರ್ಧಚಂದ್ರದಂಥ ತಲೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ.

ಈ ಮೂರು ಗೆರೆಗಳ ನಕಾಶೆ ಉಪಯುಕ್ತ. ಆದರೆ ಅದನ್ನು ಸರ್ವೇ ನಕಾಶೆಯಂತೆ ಹಿಡಿದು ಕೂರಬಾರದು. ಗೊಂಬೆ ಮದುವೆಯಾದವಳ ಜೊತೆ ಊರು ಬದಲಿಸುತ್ತದೆ. ಹೆಸರಾದ ಪೂಜಾರಿಯನ್ನೋ ಕೆತ್ತುವವನನ್ನೋ ಹುಡುಕಿಕೊಂಡು ಜನ ದೂರದಿಂದ ಬರುತ್ತಾರೆ. ಕೆತ್ತುವವನು ಕೊಳ್ಳುವವರು ಕೇಳಿದ್ದನ್ನು ಕೊಡುತ್ತಾನೆ. ದುಂಡು ತಲೆ ಪ್ರಸಿದ್ಧವಾದ ಮೇಲಂತೂ ಅದನ್ನು ಎಲ್ಲರೂ ಕೆತ್ತಿದರು. ಆದ್ದರಿಂದ ‘ಅಸಾಂಟೆ ಶೈಲಿ’ ಎನ್ನುವುದು ‘ಅಸಾಂಟೆ ಊರಿನಲ್ಲಿ ಕೆತ್ತಿದ್ದು’ ಎಂಬುದಕ್ಕಿಂತ ಸುರಕ್ಷಿತ ಮಾತು. ತಲೆ ದುಂಡಗಿದ್ದು ಹುಬ್ಬು ಮೂಗಿನ ಏಣು, ಉಂಗುರದ ಕತ್ತು, ಅಡ್ಡಗೈ ಮೂರೂ ಕೂಡಿ ಬಂದರೆ ಮಾತ್ರ ಗಟ್ಟಿಯಾಗಿ ಹೇಳಿ. ಒಂದು ತಪ್ಪಿದರೂ ‘ಅಕಾನ್’ ಎಂದಷ್ಟೇ ಬರೆದಿಡುವುದು ಒಳ್ಳೆಯದು.

ಇನ್ನು ಪೂರ್ತಿ ಬೇರೆ ಜನರ ಗೊಂಬೆಗಳೂ ಇದೇ ಹೆಸರಿನಡಿ ಮಾರಾಟವಾಗುತ್ತವೆ. ಬುರ್ಕಿನಾ ಫಾಸೊದ ಮೊಸ್ಸಿ ಮಕ್ಕಳ ಗೊಂಬೆ ಬಿಗಾ: ಕೈಯಿಲ್ಲದ ಉರುಳೆ ಮೈ, ಮುಖವಿಲ್ಲದ ತಲೆ, ತಲೆಯ ಮೇಲೆ ಜುಟ್ಟಿನಂಥ ಏಣು. ಘಾನಾ, ಟೋಗೊಗಳ ಎವೆ ಜನರ ಅವಳಿ ಗೊಂಬೆಗಳಲ್ಲಿ ತಲೆ ಸಹಜ ಗಾತ್ರದ್ದು, ಕೈಗಳು ಮೈಗೆ ಅಂಟಿಕೊಂಡು ಕೆಳಗಿಳಿದಿರುತ್ತವೆ. ಮೇಲಿನ ಲಕ್ಷಣಗಳನ್ನು ಒಮ್ಮೆ ಮನಸ್ಸಿಗೆ ತಂದುಕೊಂಡರೆ ಇವುಗಳ ಬಗ್ಗೆ ಗೊಂದಲ ಉಳಿಯುವುದಿಲ್ಲ.

ಮರ, ಬಾಚಿ, ಎಲೆ

ಕುಮಾಸಿ ನಗರದಿಂದ ಉತ್ತರಕ್ಕೆ, ಮಾಂಪಾಂಗ್ ರಸ್ತೆಯಲ್ಲಿರುವ ಅಹ್ವಿಯಾ ಮರಕೆತ್ತನೆಯ ಊರು. ಅಸಾಂಟೆ ದೊರೆ ಅಸಾಂಟೆಹೆನೆಗೆ ಕೂರುವ ಪೀಠ ಕೆತ್ತಿಕೊಡುತ್ತಿದ್ದ ಪರಂಪರೆಯ ಈ ಊರಲ್ಲಿ ಇಂದಿಗೂ ರಸ್ತೆಬದಿಯಲ್ಲೇ ಪೀಠ, ಗೊಂಬೆ, ಆಟದ ಮಣೆಗಳನ್ನು ಕೆತ್ತುತ್ತಾರೆ. ಪೀಠಕ್ಕೂ ಗೊಂಬೆಗೂ ಒಗ್ಗಿದ ಮರ ಸೆಸೆ: ಬಿಳಿಚಾದ, ಹಗುರವಾದ, ಹಸಿಯಲ್ಲಿ ಸುಲಭವಾಗಿ ಕಡಿಯಲು ಬರುವ ಮರ, ಕಡಿದರೆ ಹಾಲು ಸುರಿಯುತ್ತದೆ. ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರವೂ ಇದೇ ಕುಟುಂಬದ್ದು, ಕಣಗಿಲೆಯ ಬಳಗ. ಎಳೆ ನುಣುಪು, ಬಣ್ಣ ಬಿಳಿ, ತೂಕ ಕಡಿಮೆ: ಗೊಂಬೆ ಮಾಡುವವರು ಎರಡು ಖಂಡಗಳಲ್ಲೂ ಒಂದೇ ಬಳಗದ ಮರಕ್ಕೆ ಕೈಹಾಕಿದ್ದಕ್ಕೆ ಕಾರಣ ಇವೇ. ಆದರೆ ಚನ್ನಪಟ್ಟಣದ ಗೊಂಬೆ ಲೇತಿನಲ್ಲಿ ತಿರುಗುತ್ತಾ ಹುಟ್ಟುತ್ತದೆ. ಅಕುವಾಬಾ ಬಾಚಿಯ ಏಟಿನಲ್ಲಿ ಹುಟ್ಟುತ್ತದೆ. ಕತ್ತಿನ ಉಂಗುರಗಳು ಲೇತಿಗಿಟ್ಟಂತೆ ಸುತ್ತಲೂ ಒಂದೇ ಅಳತೆಗೆ ಬಂದಿದ್ದರೆ ಯಾಕೆ ಅನುಮಾನಪಡಬೇಕು ಎಂಬುದು ಇದರಿಂದ ತಿಳಿಯುತ್ತದೆ.

ಕೆಲಸದ ಕ್ರಮ ಗೊತ್ತಿದ್ದರೆ ತಪ್ಪುಗಳನ್ನು ಓದಬಹುದು. ಗೊಂಬೆಯ ಉದ್ದಕ್ಕಿಂತ ತುಸು ಹೆಚ್ಚಿಗೆ ದಿಮ್ಮಿ ಕಡಿದು, ಬಾಚಿಯಿಂದ ಎರಡು ಮುಖ ಚಪ್ಪಟೆ ಮಾಡಿ, ತಲೆ, ಅಡ್ಡಗೈ, ಪೀಠ ಇವು ಮೂರನ್ನು ದಪ್ಪದಪ್ಪಗೆ ಬಿಟ್ಟು ಉಳಿದದ್ದನ್ನು ತೆಗೆಯುತ್ತಾರೆ. ಆಮೇಲೆ ಬಿಲ್ಲೆಯನ್ನು ಹಿಂದಿನಿಂದ ತೆಳುಗೊಳಿಸುತ್ತಾರೆ. ಮುಂದೆ ಮೂಗಿಗೆಂದು ಮರ ಉಳಿಸಿಕೊಂಡಿರಬೇಕು. ಚಾಕು, ಸಣ್ಣ ಉಳಿಗಳಲ್ಲಿ ಕತ್ತಿನ ಮಡಿಕೆ, ಹುಬ್ಬು, ಕಣ್ಣು. ಕೊನೆಗೆ ನುಣುಪು. ಇದಕ್ಕೆ ಹಿಂದೆ ಬಳಸುತ್ತಿದ್ದುದು ಒಂದು ಬಗೆಯ ಒರಟು ಅತ್ತಿಯ ಎಲೆ. ಪಶ್ಚಿಮ ಆಫ್ರಿಕಾದಿಂದ ನಮ್ಮ ಪಶ್ಚಿಮಘಟ್ಟದವರೆಗೆ ಬೆಳೆಯುವ ಈ ಮರವನ್ನು ಕನ್ನಡದಲ್ಲಿ ಗರಗತ್ತಿ ಎನ್ನುತ್ತಾರೆ. ಮುಟ್ಟಿದರೆ ಬೆಕ್ಕಿನ ನಾಲಿಗೆಯ ಹಾಗೆ ಗರಗರ. ಎಲೆ ಬೆರಳಿನ ಜೊತೆ ಬಾಗುತ್ತದೆ, ಏಣುಗಳನ್ನು ಮೆಲ್ಲಗೆ ದುಂಡಗಾಗಿಸುತ್ತದೆ, ಬಾಚಿಯ ಸಣ್ಣ ಮುಖಗಳನ್ನು ಪೂರ್ತಿ ಅಳಿಸುವುದಿಲ್ಲ. ಸ್ಯಾಂಡ್ ಪೇಪರ್ ಎಲ್ಲವನ್ನೂ ಅಳಿಸಿ ನೂರಾರು ಸಮಾನಾಂತರ ಗೀರು ಬಿಡುತ್ತದೆ. ಟಾರ್ಚನ್ನು ಗೊಂಬೆಯ ಪಕ್ಕಕ್ಕೆ ಹಿಡಿದು ಬೆಳಕು ಮೇಲ್ಮೈಯನ್ನು ಸವರಿ ಹೋಗುವಂತೆ ಮಾಡಿ, ಬಿಲ್ಲೆಯ ಹಿಂಬದಿಯನ್ನೂ ಪೀಠದ ತಳವನ್ನೂ ನೋಡಿದರೆ ಈ ವ್ಯತ್ಯಾಸ ಕಾಣುತ್ತದೆ. ಮುಂದಿನ ಮುಖವನ್ನು ಎಲ್ಲರೂ ಚೆನ್ನಾಗಿಯೇ ತಿದ್ದುತ್ತಾರೆ; ತಳವನ್ನು ಯಾರೂ ತಿದ್ದುವುದಿಲ್ಲ.

ಇಡೀ ಗೊಂಬೆ ಒಂದೇ ತುಂಡು. ಮರದ ಎಳೆ ತಲೆಯಿಂದ ಪೀಠಕ್ಕೆ ಉದ್ದಕ್ಕೆ ಓಡುತ್ತದೆ. ಈ ಒಂದು ಸಂಗತಿ ನೆನಪಿದ್ದರೆ ಅರ್ಧ ಕೆಲಸ ಆದಂತೆ. ಕೈಗಳು ಎಳೆಗೆ ಅಡ್ಡಲಾಗಿವೆ, ಆದ್ದರಿಂದ ಕೈಯಲ್ಲಿ ಎಳೆ ತುಂಡುತುಂಡು; ಬಿದ್ದರೆ ಮೊದಲು ಮುರಿಯುವುದು ಅವೇ, ಅದೂ ಮೈಗೆ ಸಮಾನಾಂತರವಾಗಿ ಬಿಸ್ಕತ್ತಿನಂತೆ. ತಲೆಯ ಬಿರುಕು ಮೇಲಂಚಿನಿಂದ ಕೆಳಕ್ಕೆ ನೆಟ್ಟಗೆ ಇಳಿಯಬೇಕು, ಎಷ್ಟೋ ಸಲ ಮೂಗಿನ ಪಕ್ಕದಲ್ಲೇ ಹಾಯುತ್ತದೆ. ಬಿಲ್ಲೆಯ ಎಡಬಲದ ಅಂಚುಗಳಲ್ಲಿ ಉದ್ದನೆಯ ಸೀಳು ಎದ್ದು ಹೋಗಿರಬಹುದು. ಹಸಿಮರ ಬೇಗ ಒಣಗಿದರೆ ತೆಳುವಾದ ಬಿಲ್ಲೆ ಒಂದು ವೇಗದಲ್ಲಿ, ದಪ್ಪ ಪೀಠ ಇನ್ನೊಂದು ವೇಗದಲ್ಲಿ ಕುಗ್ಗಿ ಬಿರುಕು ಬೀಳುತ್ತದೆ. ಇದಕ್ಕೆ ವಿರುದ್ಧವಾಗಿ, ಬಿಲ್ಲೆಗೆ ಅಡ್ಡಲಾಗಿ ಓಡುವ ‘ಹಳೆಯ ಬಿರುಕು’ ಕಂಡರೆ ಅದು ಮರ ತಾನಾಗಿ ಬಿಟ್ಟದ್ದಲ್ಲ, ಯಾರೋ ಮಾಡಿದ್ದು ಅಥವಾ ಜೋರಾಗಿ ಪೆಟ್ಟು ಬಿದ್ದದ್ದು. ಸೀಳನ್ನು ತಂತಿಯಿಂದ ಹೊಲಿದ, ಲೋಹದ ಕೊಕ್ಕೆ ಬಡಿದು ಕೂಡಿಸಿದ ಗೊಂಬೆ ಸಿಕ್ಕರೆ ಅದನ್ನು ದೋಷವೆಂದು ಬೆಲೆ ತಗ್ಗಿಸುವವರಿದ್ದಾರೆ. ಮಾರಾಟದ ಸರಕನ್ನು ಹಾಗೆ ಕೂತು ಹೊಲಿಯುವವರು ಕಡಿಮೆ; ಅಂಥ ದುರಸ್ತಿ ಯಾರಿಗೋ ಆ ಗೊಂಬೆ ಬೇಕಾಗಿತ್ತು ಎನ್ನುವುದರ ಗುರುತಾಗಬಹುದು.

ಕಪ್ಪು ಬಣ್ಣ ಮತ್ತು ಸವೆತ

ಬಿಳಿಮರಕ್ಕೆ ಕಪ್ಪು ಕೊಡುವುದು ರೂಢಿ: ಮಸಿ, ಇದ್ದಿಲ ಪುಡಿ, ಗಿಡದ ಬಣ್ಣ. ಈಚಿನ ಕೆಲಸದಲ್ಲಿ ಶೂ ಪಾಲಿಶ್, ರಾಸಾಯನಿಕ ಬಣ್ಣ, ಮೇಲೊಂದು ವಾರ್ನಿಶ್. ಕಪ್ಪಗಿದೆ ಎಂದು ಎಬೊನಿ ಮರವೆಂದು ಮಾರುವುದುಂಟು. ಕೈಯಲ್ಲಿ ಎತ್ತಿ ನೋಡಿ. 30 ಸೆಂ.ಮೀ. ಎತ್ತರದ ಸೆಸೆ ಗೊಂಬೆ ನೋಟಕ್ಕಿಂತ ಹಗುರ. ಕೈ ಜಗ್ಗುವಷ್ಟು ಭಾರವಿದ್ದರೆ ಮರ ಬೇರೆ. ಬಣ್ಣ ಪರೀಕ್ಷಿಸಲು ಉಗುರಿನಿಂದ ಕೆರೆಯಬೇಡಿ. ಒದ್ದೆ ಮಾಡಿದ ಹತ್ತಿಯನ್ನು ಪೀಠದ ತಳಕ್ಕೆ ಮೆಲ್ಲಗೆ ಒತ್ತಿದರೆ ಸಾಕು. ಪಾಲಿಶ್ ಆಗಿದ್ದರೆ ವಾಸನೆಯೇ ಹೇಳುತ್ತದೆ.

ಬಳಸಿದ ಗೊಂಬೆಯಲ್ಲಿ ಹೊಳಪು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಕೈ, ಬಟ್ಟೆ, ಬೆನ್ನು ತಾಗುವ ಕಡೆ ಕಪ್ಪು ತೆಳ್ಳಗಾಗಿ ಕಂದು ಮರ ಇಣುಕುತ್ತದೆ: ಮೂಗಿನ ಏಣು, ಹುಬ್ಬಿನ ಮೇಲ್ಭಾಗ, ಮೊಲೆಯ ತುದಿ, ಕೈಯ ತುದಿ, ಬಿಲ್ಲೆಯ ಅಂಚು. ಕಣ್ಣಿನ ಗೀರು, ಉಂಗುರಗಳ ಕಣಿವೆ, ಕೈ ಮೈಗೆ ಕೂಡುವ ಕಂಕುಳು ಇವುಗಳಲ್ಲಿ ಕೊಳೆ ಕೂತಿರುತ್ತದೆ. ತೊಳೆದು ಎಣ್ಣೆ ಸವರಿದ ಗೊಂಬೆಯಲ್ಲಿ ಅದು ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ, ಕಡ್ಡಿ ತಾಗಿಸಿದರೆ ಉದುರುವುದಿಲ್ಲ. ಗುಡಿಯಲ್ಲಿದ್ದುದಾದರೆ ಬಿಳಿ ಜೇಡಿಯ ಪುಡಿ ಕಣಿವೆಗಳಲ್ಲಿ ಉಳಿದಿರಬಹುದು. ಕತ್ತು, ಸೊಂಟದ ಸುತ್ತ ಮಣಿಸರ ಬಹಳ ಕಾಲ ಇದ್ದಿದ್ದರೆ ಅಲ್ಲಿ ಸಣ್ಣ ಹೊಳೆಯುವ ಪಟ್ಟಿಯೋ ತಗ್ಗೋ ಬಿದ್ದಿರುತ್ತದೆ. ಮಣಿ ಇಂದು ಇದ್ದು ಈ ಪಟ್ಟಿ ಇಲ್ಲದಿದ್ದರೆ ಮಣಿ ನಿನ್ನೆ ಮೊನ್ನೆ ಬಂದದ್ದು. ಮಣಿ ಇಲ್ಲದೆ ಪಟ್ಟಿ ಮಾತ್ರ ಇದ್ದರೆ ಸಂತೋಷಪಡಿ: ನಕಲಿ ಮಾಡುವವರು ಮಣಿ ತೊಡಿಸುವುದನ್ನು ಮರೆಯುವುದಿಲ್ಲ, ಮಣಿ ತೆಗೆದ ಗುರುತು ಮಾಡುವುದನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ಹಳೆಯದೆಂದು ತೋರಿಸಲು ಗೊಂಬೆಯನ್ನು ಮಣ್ಣಲ್ಲಿ ಹೂಳುತ್ತಾರೆ, ಹೊಗೆಗೆ ಹಿಡಿಯುತ್ತಾರೆ, ಚಹಾ ಕಷಾಯ ಬಳಿಯುತ್ತಾರೆ, ಅಂಚನ್ನು ಅರದಿಂದ ಉಜ್ಜುತ್ತಾರೆ. ಅರ ತಾಗಿದ ಅಂಚು ಸುತ್ತಲೂ ಒಂದೇ ಸಮ ಸವೆದಿರುತ್ತದೆ. ಕೈ ಹಿಡಿದು ಸವೆದದ್ದು ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ. ಕುಟ್ಟೆ ಹುಳುವಿನ ತೂತುಗಳನ್ನು ಸಣ್ಣ ಬೈರಿಗೆಯಿಂದ ಕೊರೆಯುವುದೂ ಇದೆ. ಹುಳು ಕೊರೆದ ದಾರಿ ಒಳಗೆ ಹೇಗೆಂದರೆ ಹಾಗೆ ತಿರುಗುತ್ತದೆ. ಬೈರಿಗೆಯದು ನೇರ, ಸ್ವಲ್ಪ ದೂರ ಹೋಗಿ ನಿಂತುಬಿಡುತ್ತದೆ. ಸಪೂರ ತಂತಿಯನ್ನು ಮೆಲ್ಲಗೆ ಬಿಟ್ಟು ನೋಡಿದರೆ ತಿಳಿಯುತ್ತದೆ. ಆದರೆ ನಿಜವಾದ ಹುಳುವಿನ ತೂತೂ ವಯಸ್ಸಿಗೆ ಪ್ರಮಾಣವಲ್ಲ. ಸೆಸೆಯಂಥ ಮೆತ್ತನೆ ಮರಕ್ಕೆ ಒಂದು ಮಳೆಗಾಲದಲ್ಲೇ ಕುಟ್ಟೆ ಹಿಡಿಯಬಹುದು. ಮೇಜಿನ ಮೇಲೆ ಹೊಸ ಹುಡಿ ಉದುರುತ್ತಿದ್ದರೆ ವಯಸ್ಸಿನ ಚರ್ಚೆ ಬಿಟ್ಟು ಗೊಂಬೆಯನ್ನು ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಬೇರೆ ಇಡಿ, ಇಲ್ಲದಿದ್ದರೆ ಕಪಾಟಿನಲ್ಲಿರುವ ಉಳಿದವೂ ಹೋಗುತ್ತವೆ.

ಮಾರುಕಟ್ಟೆಯ ಗೊಂಬೆಗೆ ತನ್ನದೇ ಲಕ್ಷಣಗಳಿವೆ. ಕಿರುಬೆರಳಷ್ಟು ಚಿಕ್ಕದು, ಇಲ್ಲವೆ ಸೊಂಟದೆತ್ತರದ್ದು. ಬೆನ್ನಿಗೆ ಕಟ್ಟಲಾಗದ ಗಾತ್ರಗಳು. ಹಣೆ ಅಥವಾ ಪೀಠದ ಮೇಲೆ ‘ಗೆ ನ್ಯಾಮೆ’ ಮುಂತಾದ ಆದಿಂಕ್ರಾ ಮುದ್ರೆ. ಅವು ಮೂಲತಃ ಬಟ್ಟೆಗೆ ಒತ್ತುತ್ತಿದ್ದ ಚಿಹ್ನೆಗಳು. ಹಿತ್ತಾಳೆ ತಗಡಿನ ಹೊದಿಕೆ, ಅಂಟಿನಲ್ಲಿ ಕೂರಿಸಿದ ಮಣಿ. ಇವುಗಳಲ್ಲಿ ಕೆಲವು ಸೊಗಸಾಗಿಯೇ ಇರುತ್ತವೆ. ಅವನ್ನು ಅಹ್ವಿಯಾದ ಇಂದಿನ ಕೆಲಸವೆಂದು ಕೊಂಡು ಸರಿಯಾದ ಬೆಲೆ ಕೊಡುವುದರಲ್ಲಿ ಯಾವ ಮೋಸವೂ ಇಲ್ಲ. ಮೋಸ ಆಗುವುದು ಮಾರುವವನು ಅದಕ್ಕೆ ಅಜ್ಜಿಯ ಕಥೆ ಕಟ್ಟಿದಾಗ.

ಒಬ್ಬನ ಕೈ

ಶೈಲಿ ಎಂದರೆ ಪ್ರದೇಶದ್ದಷ್ಟೇ ಅಲ್ಲ, ವ್ಯಕ್ತಿಯದೂ ಹೌದು. ಹೆಚ್ಚಿನ ಗೊಂಬೆಗಳನ್ನು ಕೆತ್ತಿದವರ ಹೆಸರು ಯಾರೂ ಬರೆದಿಟ್ಟಿಲ್ಲ. ಅಸಾಂಟೆ ಕೆತ್ತನೆಗಾರರಲ್ಲಿ ಚೆನ್ನಾಗಿ ದಾಖಲಾಗಿರುವ ಹೆಸರು ಒಸೈ ಬೊನ್ಸು (1900–1977). ಅರಮನೆಗೆ ಕೆಲಸ ಮಾಡಿದವರು, ಆಚಿಮೊಟಾ ಕಾಲೇಜಿನಲ್ಲಿ ಕೆತ್ತನೆ ಕಲಿಸಿದವರು. ಇಂಥ ಒಬ್ಬರ ಕೈಯನ್ನು ಗುರುತಿಸುವವರು ತಲೆಯ ಆಕಾರ ನೋಡುವುದಿಲ್ಲ, ಅದು ಎಲ್ಲರದೂ ಒಂದೇ. ಕೆತ್ತುವವನು ಯೋಚಿಸದೆ ಮಾಡುವ ಭಾಗಗಳನ್ನು ನೋಡುತ್ತಾರೆ: ಕಿವಿಯ ಸುರುಳಿ, ಕಣ್ರೆಪ್ಪೆಯ ಗೀರಿನ ಕೊನೆ, ಹೊಕ್ಕುಳಿನ ಸುತ್ತಿನ ಗೆರೆ, ಹಿಂಬದಿಯ ಚಿತ್ತಾರದಲ್ಲಿ ಚಾಕು ತಿರುಗಿದ ದಿಕ್ಕು. ಎರಡು ಗೊಂಬೆಗಳಲ್ಲಿ ಇಂಥ ನಾಲ್ಕೈದು ಕಡೆ ಹೊಂದಿಕೆ ಇದ್ದರೆ ಒಂದೇ ಕೈ ಅಥವಾ ಒಂದೇ ಕಾರ್ಯಾಗಾರ ಎನ್ನಬಹುದು. ಒಂದೇ ಕಡೆ ಹೊಂದಿದರೆ ಶಿಷ್ಯನೋ ಅನುಕರಣೆಯೋ ಇರಬಹುದು.

ಪರಿಣತರಿಗೆ ಚಿತ್ರ ಕಳಿಸಿ ಅಭಿಪ್ರಾಯ ಕೇಳುವವರು ಸಾಮಾನ್ಯವಾಗಿ ಮುಂದಿನಿಂದ ತೆಗೆದ ಒಂದು ಫೋಟೊ ಕಳಿಸುತ್ತಾರೆ. ಅದರಿಂದ ಏನೂ ಆಗದು. ಆರು ಬೇಕು: ಮುಂದೆ, ಹಿಂದೆ, ಎಡಬಲ ಎರಡು ಪಕ್ಕ, ಮೇಲಿನಿಂದ ಬಿಲ್ಲೆಯ ದಪ್ಪ ಕಾಣುವಂತೆ ಒಂದು, ತಳ ಒಂದು. ಕ್ಯಾಮೆರಾ ಗೊಂಬೆಯ ಎದೆಮಟ್ಟದಲ್ಲಿರಲಿ. ಮೇಲಿನಿಂದ ಓರೆಯಾಗಿ ತೆಗೆದರೆ ತಲೆ ಮತ್ತಷ್ಟು ದೊಡ್ಡದಾಗಿ, ಮೈ ಮೊಟಕಾಗಿ ಕಂಡು ಅಳತೆಯ ಅನುಪಾತವೇ ಸುಳ್ಳಾಗುತ್ತದೆ. ಫ್ಲ್ಯಾಶ್ ಬೇಡ, ಕಿಟಕಿಯ ಬೆಳಕು ಒಂದು ಪಕ್ಕದಿಂದ ಬರಲಿ. ಪಕ್ಕದಲ್ಲಿ ಅಳತೆಪಟ್ಟಿ ಇಡಿ, ತೂಕವನ್ನು ಗ್ರಾಮಿನಲ್ಲಿ ಬರೆಯಿರಿ. ಫೋಟೊ ತೆಗೆಯುವ ಮುಂಚೆ ತೊಳೆದು, ಎಣ್ಣೆ ಒರೆಸಿ ಚೆಂದ ಮಾಡಬೇಡಿ. ಕಣಿವೆಗಳಲ್ಲಿದ್ದ ಕೊಳೆ ಹೋದರೆ ಅದರ ಜೊತೆ ಹೇಳಲು ಇದ್ದದ್ದರಲ್ಲಿ ಬಹುಪಾಲು ಹೋಯಿತು.

ಕಣ್ಣು ಪಳಗಿಸಲು ಅಕ್ರಾದ ರಾಷ್ಟ್ರೀಯ ವಸ್ತುಸಂಗ್ರಹಾಲಯ (1957ರಲ್ಲಿ ತೆರೆದದ್ದು) ಒಳ್ಳೆಯ ಜಾಗ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಗಳಲ್ಲಿರುವ ಅಕುವಾಬಾಗಳ ಚಿತ್ರಗಳನ್ನು ಮನೆಯಲ್ಲೇ ಕೂತು ಹಿಗ್ಗಿಸಿ ನೋಡಬಹುದು. ಘಾನಾದಿಂದ ಹಳೆಯ ವಸ್ತುವನ್ನು ಹೊರಗೊಯ್ಯಲು ಅಲ್ಲಿಯ ವಸ್ತುಸಂಗ್ರಹಾಲಯ ಮತ್ತು ಸ್ಮಾರಕ ಮಂಡಳಿಯ ಅನುಮತಿ ಬೇಕು. ‘ನೂರು ವರ್ಷ ಹಳೆಯದು, ಕಾಗದ ಏನೂ ಬೇಡ’ ಎಂದು ಹೇಳುವ ವ್ಯಾಪಾರಿಯ ಮಾತಿನ ಎರಡು ಭಾಗಗಳಲ್ಲಿ ಒಂದಾದರೂ ಸುಳ್ಳು.